‘ಬೇಕು’ ಅನ್ನೋದನ್ನು ಇಂಗ್ಲಿಷಿನಲ್ಲಿ ಹೇಳೋದು ಹೇಗೆ? ಮಸ್ಟ್, ಹ್ಯಾವ್ ಟು, ಶುಡ್ ಬಳಸುವ ದಾರಿ

ಇಂಗ್ಲಿಷ್ ಕಲಿಯುತ್ತಿರುವ ಓದುಗರು ತಿರುಗಿ ತಿರುಗಿ ಕೇಳುವ ಪ್ರಶ್ನೆ ಇದು: "ಮಸ್ಟ್ ಎಲ್ಲಿ ಹಾಕಬೇಕು, ಹ್ಯಾವ್ ಟು ಎಲ್ಲಿ, ಶುಡ್ ಎಲ್ಲಿ? ಮೂರಕ್ಕೂ ಕನ್ನಡದಲ್ಲಿ ‘ಬೇಕು’ ಅಂತಲೇ ತಾನೇ?" ಶಾಲೆಯ ವ್ಯಾಕರಣ ಪುಸ್ತಕ ಇದಕ್ಕೆ ಒಂದೊಂದು ಸಾಲಿನ ಉತ್ತರ ಕೊಟ್ಟು ಮುಂದೆ ಹೋಗುತ್ತದೆ. ಮಸ್ಟ್ ಅಂದರೆ ಕಡ್ಡಾಯ, ಶುಡ್ ಅಂದರೆ ಸಲಹೆ, ಮುಗೀತು. ಅದನ್ನು ಬಾಯಿಪಾಠ ಮಾಡಿದವರೂ ಮಾತಿಗೆ ನಿಂತಾಗ ತಡವರಿಸುತ್ತಾರೆ.

ಇಲ್ಲಿ ನಾವು ಕನ್ನಡದ ಕಡೆಯಿಂದ ಹೋಗೋಣ. ‘ಬೇಕು’ ಒಂದೇ ಪದ ಅನ್ನಿಸಿದರೂ ಅದರ ರೂಪ ಬದಲಾಗುತ್ತಲೇ ಇರುತ್ತದೆ: ಹೋಗಬೇಕಾಯ್ತು, ಹೋಗಬೇಕಿತ್ತು, ಹೋಗಬೇಕಾಗುತ್ತೆ, ಹೋಗಬೇಕಾಗಿಲ್ಲ, ಹೋಗಿರಬೇಕು. ಇವುಗಳಲ್ಲಿ ಯಾವುದನ್ನು ಎಲ್ಲಿ ಹೇಳಬೇಕು ಅಂತ ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಕನ್ನಡದಲ್ಲಿ ನಿಮ್ಮ ಬಾಯಿಗೆ ಬಂದ ರೂಪ ಯಾವುದು ಅಂತ ಒಂದು ಕ್ಷಣ ಗಮನಿಸಿದರೆ ಸಾಕು, ಇಂಗ್ಲಿಷಿನ ರೂಪ ಮುಕ್ಕಾಲು ಪಾಲು ಸಿಕ್ಕಂತೆ.

ಶುರು ಮಾಡುವ ಮೊದಲು

ಎರಡು ವಿಷಯ ಗೊತ್ತಿದ್ದರೆ ಸಾಕು. ಮೊದಲನೆಯದು, ಕ್ರಿಯಾಪದದ ರೂಪಗಳು. ಗೋ ಅನ್ನುವುದು ವಿ1, ಅಂದರೆ ಏನೂ ಸೇರಿಸದ ಮೂಲ ರೂಪ. ವೆಂಟ್ ಅನ್ನುವುದು ವಿ2, ಗಾನ್ ಅನ್ನುವುದು ವಿ3. ಎರಡನೆಯದು, ಡು, ಡಸ್, ಡಿಡ್ ಹಾಕಿ ಪ್ರಶ್ನೆ ಕೇಳುವುದು. ಇದರಲ್ಲಿ ಅನುಮಾನ ಇದ್ದರೆ ಅದನ್ನು ಮೊದಲು ಸರಿಮಾಡಿಕೊಳ್ಳಿ. ಮುಂದೆ ‘ಮೋಡಲ್’ ಅನ್ನುವ ಮಾತು ಬರುತ್ತದೆ. ಮಸ್ಟ್, ಶುಡ್, ಕ್ಯಾನ್, ವಿಲ್ ಮುಂತಾದ ಸಹಾಯಕ ಕ್ರಿಯಾಪದಗಳಿಗೆ ಆ ಹೆಸರು. ಅವುಗಳ ಪಕ್ಕ ಬರುವುದು ವಿ1 ಮಾತ್ರ.

ಹಂತ 1: ಇದು ಆಸೆಯೋ, ಮಾಡಲೇಬೇಕಾದ ಕೆಲಸವೋ ನೋಡಿ

‘ಬೇಕು’ ಅಂದಾಗಲೆಲ್ಲ ಕಡ್ಡಾಯ ಇರುವುದಿಲ್ಲ. "ನನಗೆ ಕಾಫಿ ಬೇಕು" ಅನ್ನುವುದು ಆಸೆ: "ಐ ವಾಂಟ್ ಕಾಫಿ." ಹೋಟೆಲಿನಲ್ಲೋ ಬೇರೆಯವರ ಮನೆಯಲ್ಲೋ ಆದರೆ "ಐ ವುಡ್ ಲೈಕ್ ಸಮ್ ಕಾಫಿ" ಅನ್ನಿ, ಅದು ಹೆಚ್ಚು ಮರ್ಯಾದೆಯ ಮಾತು. "ಒಂದ್ಸಲ ಕಾಶಿಗೆ ಹೋಗಬೇಕು" ಅಂತ ಅಜ್ಜಿ ಹೇಳಿದರೆ ಅದೂ ಆಸೆಯೇ: "ಶಿ ವಾಂಟ್ಸ್ ಟು ಗೋ ಟು ಕಾಶಿ." "ಈ ವರ್ಷ ಮನೆ ಕಟ್ಟಿಸಬೇಕು ಅಂತಿದ್ದೀನಿ" ಅಂದರೆ ಯೋಚನೆ: "ಐ ಆಮ್ ಪ್ಲಾನಿಂಗ್ ಟು ಬಿಲ್ಡ್ ಎ ಹೌಸ್ ದಿಸ್ ಇಯರ್."

ಪರೀಕ್ಷೆ ಸುಲಭ. ವಾಕ್ಯದ ಕೊನೆಗೆ ‘ಅಂತ ಆಸೆ’ ಅಥವಾ ‘ಅಂತಿದ್ದೀನಿ’ ಸೇರಿಸಿ ನೋಡಿ. ಅರ್ಥ ಕೆಡದಿದ್ದರೆ ಮಸ್ಟ್, ಹ್ಯಾವ್ ಟು ಎರಡೂ ಬೇಡ. "ಐ ಹ್ಯಾವ್ ಟು ಬಿಲ್ಡ್ ಎ ಹೌಸ್" ಅಂದರೆ ಯಾರೋ ಬಲವಂತ ಮಾಡಿ ಕಟ್ಟಿಸುತ್ತಿದ್ದಾರೆ ಅನ್ನಿಸುತ್ತದೆ.

ಹಂತ 2: ಹ್ಯಾವ್ ಟು ಪೂರ್ತಿ ಕಲಿಯಿರಿ

ಮಸ್ಟ್‌ಗಿಂತ ಮೊದಲು ಇದನ್ನೇ ಕಲಿಯಿರಿ ಅಂತ ನಾನು ಹೇಳುತ್ತೇನೆ. ಶಾಲೆಯಲ್ಲಿ ಕ್ರಮ ಉಲ್ಟಾ ಇರುತ್ತದೆ, ಅದಕ್ಕೇ ನಮ್ಮವರ ಮಾತಿನಲ್ಲಿ ಮಸ್ಟ್ ಜಾಸ್ತಿ. ದಿನದ ಮಾತಿನಲ್ಲಿ ಬರುವ ‘ಬೇಕು’ಗಳಲ್ಲಿ ಹೆಚ್ಚಿನವು ಪರಿಸ್ಥಿತಿಯಿಂದ ಬಂದವು. ಬಸ್ ಹಿಡಿಯಬೇಕು, ಫೀಸ್ ಕಟ್ಟಬೇಕು, ಬೆಳಗ್ಗೆ ಬೇಗ ಏಳಬೇಕು. ಇವಕ್ಕೆಲ್ಲ ಹ್ಯಾವ್ ಟು ಸರಿಹೋಗುತ್ತದೆ. ಮೇಲಾಗಿ ಇದು ಎಲ್ಲ ಕಾಲಕ್ಕೂ ಹೊಂದಿಕೊಳ್ಳುತ್ತದೆ, ಮಸ್ಟ್‌ಗೆ ಆ ಗುಣ ಇಲ್ಲ.

ಈ ಪಟ್ಟಿಯನ್ನು ಬರೆದಿಟ್ಟುಕೊಳ್ಳಿ:

ನಾನು ಹೋಗಬೇಕು – ಐ ಹ್ಯಾವ್ ಟು ಗೋ.
ಅವಳು ಹೋಗಬೇಕು – ಶಿ ಹ್ಯಾಸ್ ಟು ಗೋ.
ನೀವು ಹೋಗಬೇಕಾ? – ಡು ಯು ಹ್ಯಾವ್ ಟು ಗೋ?
ಅವಳು ಹೋಗಬೇಕಾ? – ಡಸ್ ಶಿ ಹ್ಯಾವ್ ಟು ಗೋ?
ನಾಳೆ ಹೋಗಬೇಕಾಗುತ್ತೆ – ಐ ವಿಲ್ ಹ್ಯಾವ್ ಟು ಗೋ ಟುಮಾರೋ.
ಹೋಗಬೇಕಾಗಬಹುದು – ಐ ಮೈಟ್ ಹ್ಯಾವ್ ಟು ಗೋ.
ನಿನ್ನೆ ಹೋಗಬೇಕಾಯ್ತು – ಐ ಹ್ಯಾಡ್ ಟು ಗೋ ಯೆಸ್ಟರ್ಡೇ.
ಹೋಗಬೇಕಾಗಿಲ್ಲ – ಐ ಡೋಂಟ್ ಹ್ಯಾವ್ ಟು ಗೋ.

ಜಾರುವ ಜಾಗಗಳು ಇವು. "ಐ ಹ್ಯಾಡ್ ಟು ವೆಂಟ್" ತಪ್ಪು. ಭೂತಕಾಲವನ್ನು ಹ್ಯಾಡ್ ಆಗಲೇ ಹೇಳಿಬಿಟ್ಟಿದೆ, ಟು ಆದ ಮೇಲೆ ವಿ1 ಮಾತ್ರ. "ಡಸ್ ಶಿ ಹ್ಯಾಸ್ ಟು" ಕೂಡ ತಪ್ಪು, ಡಸ್ ಬಂದ ಕೂಡಲೇ ಹ್ಯಾಸ್ ಹೋಗಿ ಹ್ಯಾವ್ ಆಗುತ್ತದೆ. "ಐ ಮಸ್ಟ್ ಹ್ಯಾವ್ ಟು ಗೋ" ಅಂತ ಎರಡನ್ನೂ ಸೇರಿಸುವವರು ಬಹಳ. ಒಂದು ಸಾಕು.

ಇನ್ನೊಂದು ತಪ್ಪು ಕನ್ನಡದ ಅಭ್ಯಾಸದಿಂದಲೇ ಬರುತ್ತದೆ. ನಾವು "ಕರೆಂಟ್ ಬಿಲ್ ಕಟ್ಟಬೇಕು" ಅಂತೀವಿ. ಯಾರು ಅಂತ ಹೇಳುವುದೇ ಇಲ್ಲ, ಹೇಳದಿದ್ದರೂ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ "ಹ್ಯಾವ್ ಟು ಪೇ ಕರೆಂಟ್ ಬಿಲ್" ಅಂತ ನಿಲ್ಲಿಸಿದರೆ ವಾಕ್ಯ ತಲೆಯಿಲ್ಲದಂತೆ ಆಗುತ್ತದೆ. ಯಾರು ಅಂತ ಗೊತ್ತಿದ್ದರೆ ಹೇಳಿ: "ಐ ಹ್ಯಾವ್ ಟು ಪೇ ದ ಎಲೆಕ್ಟ್ರಿಸಿಟಿ ಬಿಲ್." ಯಾರು ಅನ್ನುವುದು ಮುಖ್ಯವಲ್ಲದಿದ್ದರೆ ಬಿಲ್ಲನ್ನೇ ಮುಂದೆ ತನ್ನಿ: "ದ ಬಿಲ್ ಹ್ಯಾಸ್ ಟು ಬಿ ಪೇಯ್ಡ್ ಟುಡೇ." ಈ ‘ಹ್ಯಾಸ್ ಟು ಬಿ’ ಪಕ್ಕ ವಿ3 ಬರುತ್ತದೆ. "ಈ ಫಾರಂ ತುಂಬಬೇಕು", "ಇದಕ್ಕೆ ಸಹಿ ಆಗಬೇಕು" ಥರದ ಮಾತಿಗೆಲ್ಲ ಇದೇ ಜೋಡಣೆ. ಆಫೀಸಿನಲ್ಲಿ ಕೆಲಸ ಮಾಡುವವರು ಇದನ್ನು ಚೆನ್ನಾಗಿ ರೂಢಿ ಮಾಡಿಕೊಳ್ಳಿ, ಹಂತ 8ರಲ್ಲಿ ಮತ್ತೆ ಬೇಕಾಗುತ್ತದೆ.

ಉಚ್ಚಾರ: ಹ್ಯಾವ್ ಟು ಅನ್ನುವುದು ಮಾತಿನಲ್ಲಿ ‘ಹ್ಯಾಫ್ಟು’ ಅಂತ ಕೇಳಿಸುತ್ತದೆ. ಹ್ಯಾಸ್ ಟು ಅನ್ನುವುದು ‘ಹ್ಯಾಸ್ಟು’. ಸಿನಿಮಾಗಳಲ್ಲಿ ಕೇಳುವ ‘ಗಾಟಾ’ ಅಂದರೆ ‘ಹ್ಯಾವ್ ಗಾಟ್ ಟು’ ಸವೆದು ಆದದ್ದು. "ಐ ಗಾಟಾ ಗೋ" ಅಂದರೂ "ಐ ಹ್ಯಾವ್ ಟು ಗೋ" ಅಂದರೂ ಒಂದೇ. ಗೆಳೆಯರ ಜೊತೆ ಅನ್ನಿ, ಅರ್ಜಿಯಲ್ಲಿ ಬರೆಯಬೇಡಿ.

ಹಂತ 3: ಮಸ್ಟ್‌ಗೆ ಅದರ ಜಾಗ ಕೊಡಿ

‘ಹೋಗಲೇಬೇಕು’ ಅಂತ ಒತ್ತಿ ಹೇಳುವಾಗ ಮಸ್ಟ್ ನೆನಪಿಗೆ ಬರಲಿ. ಹೇಳುವವರೇ ಆ ಒತ್ತಾಯವನ್ನು ಹಾಕುತ್ತಿದ್ದಾರೆ ಅನ್ನುವ ಭಾವ ಅದರಲ್ಲಿದೆ. "ಐ ಮಸ್ಟ್ ಸ್ಟಾಪ್ ಸ್ಮೋಕಿಂಗ್" ಅಂದರೆ ನನಗೇ ಅನ್ನಿಸಿದೆ, ಬಿಡಲೇಬೇಕು. "ಐ ಹ್ಯಾವ್ ಟು ಸ್ಟಾಪ್ ಸ್ಮೋಕಿಂಗ್" ಅಂದರೆ ಡಾಕ್ಟರ್ ಹೇಳಿದ್ದಾರೋ ಏನೋ. ಈ ವ್ಯತ್ಯಾಸವನ್ನು ಬ್ರಿಟಿಷ್ ಇಂಗ್ಲಿಷಿನ ಪುಸ್ತಕಗಳು ಎತ್ತಿ ಹೇಳುತ್ತವೆ. ಅಮೆರಿಕನ್ನರ ಮಾತಿನಲ್ಲಿ ಎರಡು ಕಡೆಯೂ ಹ್ಯಾವ್ ಟು ನಡೆಯುತ್ತದೆ. ಹಾಗಾಗಿ ಅನುಮಾನ ಬಂದಾಗ ಹ್ಯಾವ್ ಟು ಅಂದುಬಿಡಿ, ತಪ್ಪಾಗುವುದಿಲ್ಲ.

ಮಸ್ಟ್ ನಿಜವಾಗಿ ಬೇರೂರಿರುವುದು ಬೋರ್ಡು, ನಿಯಮ, ಸೂಚನೆಗಳಲ್ಲಿ. "ಹೆಲ್ಮೆಟ್ಸ್ ಮಸ್ಟ್ ಬಿ ವೋರ್ನ್." "ವಿಸಿಟರ್ಸ್ ಮಸ್ಟ್ ಸೈನ್ ದ ರಿಜಿಸ್ಟರ್." ಇನ್ನೊಂದು ಕಡೆ ಮಸ್ಟ್ ಬಹಳ ಪ್ರೀತಿಯ ಮಾತಾಗುತ್ತದೆ, ಆಹ್ವಾನದಲ್ಲಿ. "ಯು ಮಸ್ಟ್ ಕಮ್ ಟು ಅವರ್ ಹೌಸ್‌ವಾರ್ಮಿಂಗ್!" ಅಂದರೆ ಗೃಹಪ್ರವೇಶಕ್ಕೆ ಬರಲೇಬೇಕು ಅಂತ ನಾವು ಕೈಹಿಡಿದು ಹೇಳುತ್ತೇವಲ್ಲ, ಅದೇ. ಇಲ್ಲಿ "ಯು ಹ್ಯಾವ್ ಟು ಕಮ್" ಅಂದರೂ ಪ್ರೀತಿಯೇ.

ನಿಯಮ ಚಿಕ್ಕದು. ಮಸ್ಟ್ ಪಕ್ಕದಲ್ಲಿ ಟು ಇಲ್ಲ. "ಐ ಮಸ್ಟ್ ಟು ಗೋ" ತಪ್ಪು. ಹಿ, ಶಿ ಬಂದರೂ ಅದು ಬದಲಾಗುವುದಿಲ್ಲ, "ಹಿ ಮಸ್ಟ್ ಗೋ" ಅಷ್ಟೇ. ವಿಲ್ ಜೊತೆಗೂ ಹೋಗುವುದಿಲ್ಲ, "ವಿಲ್ ಮಸ್ಟ್" ಅನ್ನುವುದೇ ಇಲ್ಲ.

ಮಸ್ಟ್‌ಗೆ ಭೂತಕಾಲದ ರೂಪ ಯಾಕಿಲ್ಲ ಅಂತ ಕೇಳುವವರಿದ್ದಾರೆ. ಅದು ಮೂಲದಲ್ಲೇ ಒಂದು ಭೂತಕಾಲದ ರೂಪ. ಹಳೆಯ ಇಂಗ್ಲಿಷಿನಲ್ಲಿ ‘ಮೋಟನ್’ ಅಂತ ಒಂದು ಕ್ರಿಯಾಪದ ಇತ್ತು, ಅದರ ಭೂತಕಾಲ ‘ಮೋಸ್ಟೆ’. ಕಾಲಕ್ರಮದಲ್ಲಿ ಮೂಲ ಪದ ಬಳಕೆ ತಪ್ಪಿತು, ಮೋಸ್ಟೆ ಮಾತ್ರ ಉಳಿದು ವರ್ತಮಾನದ ಅರ್ಥ ಪಡೆಯಿತು. ಅದಕ್ಕೇ ನಿನ್ನೆಯ ಕೆಲಸಕ್ಕೆ ಹ್ಯಾಡ್ ಟು ಬಂದು ನಿಲ್ಲುತ್ತದೆ.

ಇನ್ನು ನಮ್ಮ ‘ಮಸ್ಟ್ ಅಂಡ್ ಶುಡ್’. "ಮಸ್ಟ್ ಅಂಡ್ ಶುಡ್ ಬರಲೇಬೇಕು ಸಾರ್" ಅಂತ ಬೆಂಗಳೂರಿನಲ್ಲಿ ಕೇಳದವರು ಯಾರಿದ್ದಾರೆ? ಆಂಧ್ರ, ತೆಲಂಗಾಣದ ಕಡೆಯೂ ಇದೆ. ಕನ್ನಡದ ಮಾತಿನ ನಡುವೆ ಅದು ಚೆನ್ನಾಗಿಯೇ ಇರುತ್ತದೆ, ಬಿಡಬೇಕಾಗಿಲ್ಲ. ಆದರೆ ಇಂಗ್ಲಿಷ್ ಮೇಲ್‌ನಲ್ಲಿ, ಹೊರದೇಶದವರ ಜೊತೆಗಿನ ಕಾಲ್‌ನಲ್ಲಿ ಬೇಡ. ಒಂದು ಕಡ್ಡಾಯ, ಇನ್ನೊಂದು ಸಲಹೆ, ಎರಡನ್ನೂ ಒಟ್ಟಿಗೆ ಕೇಳಿದವರಿಗೆ ಯಾವುದು ಅಂತ ತಿಳಿಯುವುದಿಲ್ಲ. ಒತ್ತು ಬೇಕಿದ್ದರೆ "ಯು ರಿಯಲೀ ಹ್ಯಾವ್ ಟು" ಅನ್ನಿ. ಹಾಗೆಯೇ "ಯು ಕಂಪಲ್ಸರಿ ಕಮ್" ಅನ್ನಬೇಡಿ. "ಅಟೆಂಡೆನ್ಸ್ ಈಸ್ ಕಂಪಲ್ಸರಿ" ಅನ್ನಬಹುದು.

ಹಂತ 4: ‘ಬಾರದು’ ಮತ್ತು ‘ಬೇಕಾಗಿಲ್ಲ’ ಬೆರೆಸಬೇಡಿ

ಇಡೀ ಲೇಖನದಲ್ಲಿ ಒಂದೇ ಹಂತ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ. ಬೇರೆ ತಪ್ಪುಗಳಿಂದ ವ್ಯಾಕರಣ ಕೆಡುತ್ತದೆ, ಇದರಿಂದ ಕೆಲಸವೇ ಕೆಡುತ್ತದೆ.

ಹ್ಯಾವ್ ಟು ಮತ್ತು ಮಸ್ಟ್ ಹತ್ತಿರ ಹತ್ತಿರ ಇದ್ದರೂ ‘ನಾಟ್’ ಸೇರಿದ ಕೂಡಲೇ ದೂರ ಹೋಗುತ್ತವೆ. "ಯು ಮಸ್ಟ್ ನಾಟ್ ಟೇಕ್ ದಿಸ್ ಟ್ಯಾಬ್ಲೆಟ್" ಅಂದರೆ ಈ ಮಾತ್ರೆ ತಗೊಳ್ಳಬಾರದು, ತಗೊಂಡರೆ ಅಪಾಯ. "ಯು ಡೋಂಟ್ ಹ್ಯಾವ್ ಟು ಟೇಕ್ ದಿಸ್ ಟ್ಯಾಬ್ಲೆಟ್" ಅಂದರೆ ತಗೊಳ್ಳಬೇಕಾಗಿಲ್ಲ, ತಗೊಂಡರೂ ಪರವಾಗಿಲ್ಲ. ಅಪ್ಪ ಅಮ್ಮನಿಗೆ ಡಾಕ್ಟರ್ ಮಾತನ್ನು ತಿಳಿಸಿ ಹೇಳುವವರು ನೀವಾಗಿದ್ದರೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಯೋಚಿಸಿ.

ಕನ್ನಡ ಇಲ್ಲಿ ನಿಮ್ಮ ಕೈಹಿಡಿಯುತ್ತದೆ. ಬಾಯಿಗೆ ‘ಬಾರದು’ ಅಥವಾ ‘ಕೂಡದು’ ಬಂತು ಅಂದರೆ ಮಸ್ಟ್ ನಾಟ್. ಮೆತ್ತಗೆ ಹೇಳಬೇಕು ಅಂದರೆ ಶುಡ್ ನಾಟ್. ‘ಬೇಕಾಗಿಲ್ಲ’, ‘ಅಗತ್ಯ ಇಲ್ಲ’ ಬಂತು ಅಂದರೆ ಡೋಂಟ್ ಹ್ಯಾವ್ ಟು, ಅಥವಾ ಡೋಂಟ್ ನೀಡ್ ಟು. ಸುಮ್ನೆ ‘ಬೇಡ’ ಅಂತ ಮುಖಕ್ಕೆ ಹೇಳುವುದಾದರೆ "ಡೋಂಟ್ ಗೋ" ಸಾಕು.

ತೊಂದರೆ ಬರುವುದು ಪದಕ್ಕೆ ಪದ ಇಡಲು ಹೋದಾಗ. ಬೇಕು ಅಂದರೆ ಮಸ್ಟ್, ಇಲ್ಲ ಅಂದರೆ ನಾಟ್, ಆದ್ದರಿಂದ ಬೇಕಾಗಿಲ್ಲ ಅಂದರೆ ಮಸ್ಟ್ ನಾಟ್ ಅಂತ ಲೆಕ್ಕ ಹಾಕುತ್ತೇವೆ. "ನಾಳೆ ನೀವು ಬರಬೇಕಾಗಿಲ್ಲ, ಮನೆಯಿಂದಲೇ ಕೆಲಸ ಮಾಡಿ" ಅನ್ನಲು ಹೋಗಿ "ಯು ಮಸ್ಟ್ ನಾಟ್ ಕಮ್ ಟುಮಾರೋ" ಅಂದರೆ, ಕೇಳಿದವರು ತಮ್ಮನ್ನು ಕೆಲಸದಿಂದ ತೆಗೆದರೋ ಏನೋ ಅಂದುಕೊಳ್ಳುತ್ತಾರೆ.

‘ಮಸ್ಟ್ ನಾಟ್’ ಸೇರಿ ಮಸನ್ಟ್ ಆಗುತ್ತದೆ. ನಡುವೆ ಬರೆಯುವ ಟ ಅಕ್ಷರವನ್ನು ಉಚ್ಚರಿಸುವುದಿಲ್ಲ.

ಇಲ್ಲೇ ಇನ್ನೊಂದು ಸೇರಿಸಿಬಿಡುತ್ತೇನೆ. "ಡೋಂಟ್ ಯು ಹ್ಯಾವ್ ಟು ಸೈನ್?" ಅಂತ ಯಾರಾದರೂ ಕೇಳಿದರೆ ನಾವು "ಹೌದು, ಮಾಡಬೇಕಾಗಿಲ್ಲ" ಅನ್ನುವ ಧಾಟಿಯಲ್ಲಿ "ಯೆಸ್" ಅಂದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಯೆಸ್ ಅಂದರೆ ಸಹಿ ಮಾಡಬೇಕು ಅಂತಾಗುತ್ತದೆ. ಬೇಕಾಗಿಲ್ಲ ಅಂತಾದರೆ "ನೋ, ಐ ಡೋಂಟ್." ಪ್ರಶ್ನೆ ಹೇಗೇ ಇರಲಿ, ಉತ್ತರ ‘ಇಲ್ಲ’ ಅಂತಿದ್ದರೆ ನೋ.

ಹಂತ 5: ಸಲಹೆ ಆದರೆ ಶುಡ್

ಮಾಡಿದರೆ ಒಳ್ಳೆಯದು, ಮಾಡದಿದ್ದರೆ ನಿಮ್ಮಿಷ್ಟ ಅನ್ನುವ ‘ಬೇಕು’ಗೆ ಶುಡ್. "ಯು ಶುಡ್ ಸೀ ಎ ಡಾಕ್ಟರ್", ಒಂದ್ಸಲ ಡಾಕ್ಟರಿಗೆ ತೋರಿಸಬೇಕು ನೀವು. ಉಚ್ಚಾರದಲ್ಲಿ ಲ ಬರುವುದಿಲ್ಲ. ಆಟ್ ಟು ಕೂಡ ಇದೇ ಅರ್ಥ ಕೊಡುತ್ತದೆ, ಸ್ವಲ್ಪ ಹಳೆಯ ಧಾಟಿ. ಓದಿದಾಗ ಅರ್ಥವಾದರೆ ಸಾಕು, ನೀವು ಬಳಸಲೇಬೇಕು ಅಂತಿಲ್ಲ.

ನೆಂಟರ ಮನೆಯಿಂದ ಹೊರಡುವಾಗ "ಹೊರಡಬೇಕು ಇನ್ನ" ಅಂತೀವಲ್ಲ, ಅದಕ್ಕೆ "ಐ ಶುಡ್ ಗೆಟ್ ಗೋಯಿಂಗ್" ಚೆನ್ನಾಗಿ ಒಪ್ಪುತ್ತದೆ. "ಐ ಮಸ್ಟ್ ಗೋ" ಅಂದರೆ ಏನೋ ಅವಸರ ಇದೆ ಅನ್ನಿಸುತ್ತದೆ.

ಎಚ್ಚರ ಬೇಕಾಗಿರುವುದು ಹ್ಯಾಡ್ ಬೆಟರ್ ಬಗ್ಗೆ. ಹೆಸರಲ್ಲಿ ಹ್ಯಾಡ್ ಇದ್ದರೂ ಭೂತಕಾಲ ಅಲ್ಲ, ಬೆಟರ್ ಇದ್ದರೂ ಹೋಲಿಕೆ ಅಲ್ಲ. ‘ಮಾಡದಿದ್ದರೆ ನೋಡು ಮತ್ತೆ’ ಅನ್ನುವ ಎಚ್ಚರಿಕೆ ಅದರಲ್ಲಿದೆ. "ಯು ಹ್ಯಾಡ್ ಬೆಟರ್ ಫಿನಿಶ್ ಇಟ್ ಟುಡೇ" ಅಂತ ತಮ್ಮನಿಗೆ ಹೇಳಬಹುದು. ಮ್ಯಾನೇಜರಿಗೆ "ಯು ಬೆಟರ್ ಚೆಕ್ ದ ಮೇಲ್" ಅಂದರೆ ಬೆದರಿಕೆ ಹಾಕಿದ ಹಾಗೆ. ‘ನೋಡಿದರೆ ಒಳ್ಳೆಯದು’ ಅನ್ನುವ ಅರ್ಥದಲ್ಲಿ ನಮ್ಮವರು ಇದನ್ನು ಬಳಸುತ್ತಾರೆ. ಅಲ್ಲಿ "ಇಟ್ ವುಡ್ ಬಿ ಗುಡ್ ಟು ಚೆಕ್" ಅನ್ನಿ.

ಹಂತ 6: ಕಳೆದು ಹೋದ ‘ಬೇಕು’

ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಒಂದೇ ವಾಕ್ಯವನ್ನು ಹಿಡಿದು ನಿಧಾನವಾಗಿ ನೋಡೋಣ: ಬ್ಯಾಂಕಿಗೆ ಹೋಗುವುದು.

"ನಿನ್ನೆ ಬ್ಯಾಂಕಿಗೆ ಹೋಗಬೇಕಾಯ್ತು." ಹೋದಿರಾ? ಹೋದಿರಿ. ಇಷ್ಟ ಇತ್ತೋ ಇಲ್ಲವೋ, ಹೋದದ್ದಂತೂ ಹೌದು. "ಐ ಹ್ಯಾಡ್ ಟು ಗೋ ಟು ದ ಬ್ಯಾಂಕ್."

"ನಿನ್ನೆ ಬ್ಯಾಂಕಿಗೆ ಹೋಗಬೇಕಿತ್ತು." ಈಗ ಹೋದಿರಾ? ವಾಕ್ಯ ಇಷ್ಟಕ್ಕೇ ನಿಂತರೆ ಹೋಗಲಿಲ್ಲ ಅನ್ನಿಸುತ್ತದೆ ಅಲ್ವಾ? ಇಲ್ಲಿ ಹ್ಯಾಡ್ ಟು ಹಾಕಿದರೆ ಹೋದಿರಿ ಅಂತ ತಿಳಿಯುತ್ತಾರೆ. ಮುಂದಿನ ಮಾತು ಏನು ಅಂತ ನೋಡಿ. "ಹೋಗಬೇಕಿತ್ತು, ಮರೆತೇಬಿಟ್ಟೆ" ಅಂತಿದ್ದರೆ ಯೋಜನೆ ತಪ್ಪಿದ್ದು: "ಐ ವಾಸ್ ಸಪೋಸ್ಡ್ ಟು ಗೋ ಟು ದ ಬ್ಯಾಂಕ್, ಬಟ್ ಐ ಫರ್ಗಾಟ್." "ಹೋಗಬೇಕಿತ್ತು ಕಣೋ, ಹೋಗಿದ್ದರೆ ಕೆಲಸ ಆಗ್ತಿತ್ತು" ಅಂತಿದ್ದರೆ ಪಶ್ಚಾತ್ತಾಪ: "ಐ ಶುಡ್ ಹ್ಯಾವ್ ಗಾನ್ ಟು ದ ಬ್ಯಾಂಕ್." ಶುಡ್ ಹ್ಯಾವ್ ಪಕ್ಕ ವಿ3.

ಇದೇ ‘ಬೇಕಿತ್ತು’ಗೆ ಮೂರನೆಯ ಮುಖವೂ ಇದೆ. "ಆಗೆಲ್ಲ ದುಡ್ಡು ತೆಗೆಯೋಕೆ ಬ್ಯಾಂಕಿಗೇ ಹೋಗಬೇಕಿತ್ತು, ಎಟಿಎಂ ಎಲ್ಲಿತ್ತು?" ಇಲ್ಲಿ ಹೋಗುತ್ತಿದ್ದರು, ಪ್ರತಿ ಸಲ. ಹಳೆಯ ರೂಢಿಯ ಮಾತಿದು. ಹಾಗಾಗಿ ಇಲ್ಲಿ ಮತ್ತೆ ಹ್ಯಾಡ್ ಟು ಸರಿ: "ಇನ್ ದೋಸ್ ಡೇಸ್ ವಿ ಹ್ಯಾಡ್ ಟು ಗೋ ಟು ದ ಬ್ಯಾಂಕ್." "ವಿ ಯೂಸ್ಡ್ ಟು ಹ್ಯಾವ್ ಟು ಗೋ" ಅಂದರೆ ಇನ್ನೂ ಸ್ಪಷ್ಟ.

ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ, ಕೆಲಸ ನಡೆಯಿತಾ? ನಡೆದಿದ್ದರೆ ಹ್ಯಾಡ್ ಟು. ನಡೆದಿಲ್ಲದಿದ್ದರೆ ವಾಸ್ ಸಪೋಸ್ಡ್ ಟು ಅಥವಾ ಶುಡ್ ಹ್ಯಾವ್.

ಇನ್ನು "ಅವರು ಬ್ಯಾಂಕಿಗೆ ಹೋಗಿರಬೇಕು." ಇಲ್ಲಿ ಕಡ್ಡಾಯವೇ ಇಲ್ಲ, ಬರೀ ಊಹೆ. ಮನೆಯಲ್ಲಿ ಇಲ್ಲ, ಪಾಸ್‌ಬುಕ್ಕೂ ಕಾಣ್ತಿಲ್ಲ, ಹಾಗಾದರೆ ಬ್ಯಾಂಕಿಗೇ ಹೋಗಿರಬೇಕು. "ಹಿ ಮಸ್ಟ್ ಹ್ಯಾವ್ ಗಾನ್ ಟು ದ ಬ್ಯಾಂಕ್." ಅದೃಷ್ಟಕ್ಕೆ ಎರಡು ಭಾಷೆಯೂ ಊಹೆಗೆ ಅದೇ ‘ಬೇಕು’ವನ್ನೇ ಬಳಸುತ್ತವೆ. ಆದರೆ ‘ಹೋಗಬೇಕಾಯ್ತು’ ಅನ್ನಲು ಹೋಗಿ "ಐ ಮಸ್ಟ್ ಹ್ಯಾವ್ ಗಾನ್" ಅಂದರೆ, ನಾನು ಹೋಗಿದ್ದೆನೋ ಏನೋ ನನಗೇ ನೆನಪಿಲ್ಲ ಅಂದಂತೆ ಆಗುತ್ತದೆ.

‘ಇಲ್ಲ’ ಸೇರಿದ ರೂಪಗಳು: ಹೋಗಬಾರದಿತ್ತು ಅಂದರೆ ಶುಡ್ ನಾಟ್ ಹ್ಯಾವ್ ಗಾನ್, ಅಂದರೆ ಹೋದದ್ದು ತಪ್ಪಾಯ್ತು. ಹೋಗಬೇಕಾಗಿರಲಿಲ್ಲ ಅಂದರೆ ಡಿಡಂಟ್ ಹ್ಯಾವ್ ಟು ಗೋ. ಹೋಗಿಯೂ ಆಗಿ, ಆಮೇಲೆ ಸುಮ್ನೆ ಹೋದೆ ಅಂತ ಗೊತ್ತಾದರೆ "ಐ ನೀಡಂಟ್ ಹ್ಯಾವ್ ಗಾನ್."

ಮಾತಿನಲ್ಲಿ ಶುಡ್ ಹ್ಯಾವ್ ಅನ್ನುವುದು ‘ಶುಡಾವ್’ ಅಂತ ಕೇಳಿಸುತ್ತದೆ. ಅದನ್ನು ಕೇಳಿ ಇಂಗ್ಲಿಷ್ ಮನೆಮಾತಿನವರೇ ಎಷ್ಟೋ ಜನ ‘ಶುಡ್ ಆಫ್’ ಅಂತ ಬರೆಯುತ್ತಾರೆ. ಅವರು ಬರೆದಿದ್ದಾರೆ ಅಂತ ನೀವು ಬರೆಯಬೇಡಿ.

ಹಂತ 7: ನೀಡ್ ಟು, ಸಪೋಸ್ಡ್ ಟು

ನೀಡ್ ಟು ಸುಲಭ. ಹ್ಯಾವ್ ಟು ಇರುವ ಎಷ್ಟೋ ಕಡೆ ಇದನ್ನು ಇಡಬಹುದು, ಧ್ವನಿ ಸ್ವಲ್ಪ ಮೆತ್ತಗಾಗುತ್ತದೆ. "ಐ ನೀಡ್ ಟು ಟಾಕ್ ಟು ಯು." ನೀಡ್ ಪಕ್ಕ ನೇರವಾಗಿ ವಸ್ತುವೂ ಬರುತ್ತದೆ: "ಐ ನೀಡ್ ಯುವರ್ ಸಿಗ್ನೇಚರ್." ‘ಯುವರ್ ಸೈನ್’ ಅನ್ನಬೇಡಿ, ಸೈನ್ ಅಂದರೆ ಸಹಿ ಹಾಕುವ ಕ್ರಿಯೆ, ಅಥವಾ ಗುರುತು, ಫಲಕ.

ಬಿ ಸಪೋಸ್ಡ್ ಟು ಅನ್ನುವುದಕ್ಕೆ ನಮ್ಮ ಶಾಲೆಯ ಪುಸ್ತಕಗಳಲ್ಲಿ ಜಾಗ ಕಡಿಮೆ, ಮಾತಿನಲ್ಲಿ ಮಾತ್ರ ಎಲ್ಲೆಲ್ಲೂ ಇದೆ. ನಿಯಮದ ಪ್ರಕಾರ ಆಗಬೇಕು, ಆಗುತ್ತೋ ಇಲ್ವೋ ದೇವರಿಗೇ ಗೊತ್ತು ಅನ್ನುವ ಧ್ವನಿ ಅದಕ್ಕೆ. "ದ ಬಸ್ ಈಸ್ ಸಪೋಸ್ಡ್ ಟು ಕಮ್ ಅಟ್ ನೈನ್." ಒಂಬತ್ತಕ್ಕೆ ಬರಬೇಕು ಬಸ್ಸು, ನೋಡೋಣ. ‘ಸಪೋಸ್ಡ್’ ಕೊನೆಯ ಡ ಮಾತಿನಲ್ಲಿ ಕೇಳಿಸದಿದ್ದರೂ ಬರೆಯುವಾಗ ಬಿಡಬೇಡಿ. ಈಸ್, ಆರ್, ವಾಸ್ ಕೂಡ ಬಿಡಬೇಡಿ.

ಹಂತ 8: ಕಾಗದದ ಮೇಲಿನ ‘ಬೇಕು’

ಮೇಲ್ ಬರೆಯುವಾಗ ವ್ಯಾಕರಣ ಸರಿಯಿದ್ದೂ ಧಾಟಿ ಒರಟಾಗುವುದು ನಮ್ಮಲ್ಲಿ ಮಾಮೂಲಿ. ಗ್ರಾಹಕರಿಗೆ ಬರೆದ ಈ ಮೇಲ್ ನೋಡಿ:

"ಯು ಮಸ್ಟ್ ಸೆಂಡ್ ದ ಡಾಕ್ಯುಮೆಂಟ್ಸ್ ಬೈ ಫ್ರೈಡೇ. ಯು ಹ್ಯಾವ್ ಟು ಸೈನ್ ಪೇಜ್ 3. ಯು ಶುಡ್ ಸೆಂಡ್ ಒರಿಜಿನಲ್ ಓನ್ಲಿ. ಕೈಂಡ್ಲಿ ಡು ದ ನೀಡ್‌ಫುಲ್."

ಮೂರು ವಾಕ್ಯವೂ ‘ಯು’ ಅಂತ ಶುರುವಾಗಿ ಬೆರಳು ತೋರಿಸಿ ಆಜ್ಞೆ ಮಾಡುತ್ತವೆ. ಕೊನೆಗೆ ಕೈಂಡ್ಲಿ ಸೇರಿಸಿದರೆ ಅದು ಸರಿಹೋಗುವುದಿಲ್ಲ. ‘ಡು ದ ನೀಡ್‌ಫುಲ್’ ಅನ್ನುವುದು ಭಾರತದ ಹೊರಗೆ ಎಷ್ಟೋ ಜನರಿಗೆ ಗೊತ್ತೇ ಇಲ್ಲ, ಗೊತ್ತಿದ್ದರೂ ಏನು ಮಾಡಬೇಕು ಅಂತ ಅದು ಹೇಳುವುದಿಲ್ಲ. ಈಗ ಬದಲಾಯಿಸೋಣ:

"ವಿ ನೀಡ್ ದ ಡಾಕ್ಯುಮೆಂಟ್ಸ್ ಬೈ ಫ್ರೈಡೇ. ಪೇಜ್ 3 ಹ್ಯಾಸ್ ಟು ಬಿ ಸೈನ್ಡ್. ದ ಬ್ಯಾಂಕ್ ಆಕ್ಸೆಪ್ಟ್ಸ್ ಓನ್ಲಿ ಒರಿಜಿನಲ್ಸ್. ಕುಡ್ ಯು ಪ್ಲೀಸ್ ಕೊರಿಯರ್ ದೆಮ್ ಟು ಅಸ್?"

ಕಡ್ಡಾಯ ಒಂದಿಷ್ಟೂ ಕಡಿಮೆ ಆಗಿಲ್ಲ. ಶುಕ್ರವಾರದೊಳಗೆ ಬರಲೇಬೇಕು, ಸಹಿ ಆಗಲೇಬೇಕು. ಒತ್ತಾಯ ಮಾತ್ರ ‘ನೀವು’ ಅನ್ನುವವರ ಮೇಲಿಂದ ಕೆಲಸದ ಮೇಲೆ, ಬ್ಯಾಂಕಿನ ಮೇಲೆ ಹೋಯಿತು. ಹಂತ 2ರ ‘ಹ್ಯಾಸ್ ಟು ಬಿ’ ಇಲ್ಲಿ ಕೆಲಸಕ್ಕೆ ಬಂತು ನೋಡಿ.

ಅರ್ಜಿ, ಅಧಿಸೂಚನೆಗಳಲ್ಲಿ "ಅಪ್ಲಿಕೆಂಟ್ಸ್ ಆರ್ ರಿಕ್ವೈರ್ಡ್ ಟು" ಅಂತ ಕಂಡರೆ ಅದು ಮಸ್ಟ್‌ನಷ್ಟೇ ಗಟ್ಟಿ. "ಆರ್ ಅಡ್ವೈಸ್ಡ್ ಟು" ಅಂತಿದ್ದರೆ ಸಲಹೆ. ಫಾರಂ ತುಂಬುವಾಗ ಈ ಎರಡನ್ನು ಬೇರೆ ಮಾಡಿ ಓದಿ.

ಕಾನೂನಿನ ಭಾಷೆಯಲ್ಲಿ ಕಡ್ಡಾಯಕ್ಕೆ ಶಲ್ ಬರುತ್ತದೆ. ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯದ 14ನೇ ವಿಧಿ "ದ ಸ್ಟೇಟ್ ಶಲ್ ನಾಟ್ ಡಿನೈ ಟು ಎನಿ ಪರ್ಸನ್" ಅಂತ ಶುರುವಾಗುತ್ತದೆ, ಕಾನೂನಿನ ಮುಂದೆ ಸಮಾನತೆಯನ್ನು ಸರ್ಕಾರ ಯಾರಿಗೂ ನಿರಾಕರಿಸುವಂತಿಲ್ಲ ಅಂತ. 1976ರ 42ನೇ ತಿದ್ದುಪಡಿಯಲ್ಲಿ ಸೇರಿದ ಮೂಲಭೂತ ಕರ್ತವ್ಯಗಳ 51ಎ ವಿಧಿಯೂ "ಇಟ್ ಶಲ್ ಬಿ ದ ಡ್ಯೂಟಿ ಆಫ್ ಎವ್ರಿ ಸಿಟಿಜನ್ ಆಫ್ ಇಂಡಿಯಾ" ಅನ್ನುತ್ತದೆ. ಇಲ್ಲಿ ಶಲ್ ಅಂದರೆ ಮುಂದಾಗುವ ಮಾತಲ್ಲ, ಆಗಲೇಬೇಕಾದ ಮಾತು. ಬಾಡಿಗೆ ಕರಾರು ಓದುವಾಗಲೂ ಶಲ್ ಕಂಡಲ್ಲಿ ಗೆರೆ ಎಳೆಯಿರಿ, ಅಲ್ಲೆಲ್ಲ ನಿಮ್ಮ ಜವಾಬ್ದಾರಿಯೋ ಮಾಲೀಕರ ಜವಾಬ್ದಾರಿಯೋ ಇರುತ್ತದೆ. ಅಮೆರಿಕದಲ್ಲಿ ಸರಳ ಸರ್ಕಾರಿ ಬರವಣಿಗೆಗಾಗಿ 2010ರಲ್ಲಿ ಕಾಯ್ದೆಯೇ ಬಂದಿದೆ. ಅಲ್ಲಿನ ಮಾರ್ಗಸೂಚಿ ಶಲ್ ಬಿಟ್ಟು ಮಸ್ಟ್ ಬರೆಯಿರಿ ಅನ್ನುತ್ತದೆ. ನೀವು ಬರೆಯುವಾಗ ಅದನ್ನೇ ಪಾಲಿಸಿ. ಶಲ್ ನಿಮಗೆ ಓದಲು ಬಂದರೆ ಸಾಕು.

ಹಂತ 9: ಕೈ ಆಡಿಸಿ ನೋಡಿ

ಕೆಳಗಿನವನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ, ಆಮೇಲೆ ಉತ್ತರಕ್ಕೆ ಹೋಗಿ. ಬರೆಯುವುದಕ್ಕಿಂತ ಬಾಯಿಬಿಟ್ಟು ಹೇಳಿ.

1. ಅವನು ದಿನಾ ಐದಕ್ಕೆ ಏಳಬೇಕು.
2. ನೀವು ಚಪ್ಪಲಿ ಬಿಡಬೇಕಾಗಿಲ್ಲ, ಪರವಾಗಿಲ್ಲ ಬನ್ನಿ.
3. ಮಳೆ ಬಂತು, ಆಟೋದಲ್ಲಿ ಬರಬೇಕಾಯ್ತು.
4. ಛತ್ರಿ ತರಬೇಕಿತ್ತು, ಛೆ!
5. ಪಾರ್ಸಲ್ ಇವತ್ತು ಬರಬೇಕಿತ್ತು, ಇನ್ನೂ ಬಂದಿಲ್ಲ.
6. ಲೈಟ್ ಉರೀತಿದೆ, ಅವರು ಮನೆಗೆ ಬಂದಿರಬೇಕು.
7. ಈ ವೈರ್ ಮುಟ್ಟಬಾರದು.

ಉತ್ತರಗಳು:

1. ಹಿ ಹ್ಯಾಸ್ ಟು ಗೆಟ್ ಅಪ್ ಅಟ್ ಫೈವ್ ಎವ್ರಿ ಡೇ.
2. ಯು ಡೋಂಟ್ ಹ್ಯಾವ್ ಟು ಟೇಕ್ ಆಫ್ ಯುವರ್ ಚಪ್ಪಲ್ಸ್. ಇಲ್ಲಿ ಮಸ್ಟ್ ನಾಟ್ ಅಂದವರು ಹಂತ 4ಕ್ಕೆ ವಾಪಸ್ ಹೋಗಿ.
3. ಇಟ್ ರೇನ್ಡ್, ಸೋ ಐ ಹ್ಯಾಡ್ ಟು ಕಮ್ ಬೈ ಆಟೋ. ‘ಐ’ ಬಿಟ್ಟಿಲ್ಲ ತಾನೇ?
4. ಐ ಶುಡ್ ಹ್ಯಾವ್ ಬ್ರಾಟ್ ಆನ್ ಅಂಬ್ರೆಲಾ!
5. ದ ಪಾರ್ಸಲ್ ವಾಸ್ ಸಪೋಸ್ಡ್ ಟು ಕಮ್ ಟುಡೇ. "ಶುಡ್ ಹ್ಯಾವ್ ಕಮ್ ಟುಡೇ" ಅಂದರೂ ತಪ್ಪಿಲ್ಲ. "ಹ್ಯಾಡ್ ಟು ಕಮ್" ಮಾತ್ರ ತಪ್ಪು.
6. ದೇ ಮಸ್ಟ್ ಹ್ಯಾವ್ ಕಮ್ ಹೋಮ್.
7. ಯು ಮಸ್ಟ್ ನಾಟ್ ಟಚ್ ದಿಸ್ ವೈರ್. ಎದುರಿಗಿರುವ ಮಗು ಆಗಲೇ ಕೈ ಚಾಚಿದ್ದರೆ ಇಷ್ಟುದ್ದ ಬೇಡ, "ಡೋಂಟ್ ಟಚ್!" ಸಾಕು.